ಎಂಟು ವರ್ಷ ಬಿಟ್ಟು ಮತ್ತೆ ವಿಮಾನ ಹಾರಿಸಬಹುದೇ?

ನಮ್ಮ ಅಮ್ಮನ ತವರು ತಮಿಳುನಾಡಿನ ತೇನಿ ಜಿಲ್ಲೆಯ ಪೆರಿಯಕುಳಂ. ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆ ತಲೆತಲಾಂತರದಿಂದ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಅಂಥದ್ದೇ ಒಂದು ಮನೆ ನಮ್ಮ ಅಜ್ಜಿಯದು. ಊರಿನ ಹೆಸರನ್ನೇ ನೋಡಿ: ತಮಿಳಿನ ‘ಪೆರಿಯ’ ನಮ್ಮ ‘ಹಿರಿಯ’, ‘ಕುಳಂ’ ನಮ್ಮ ‘ಕೊಳ’. ಹಿರಿಕೊಳ ಅಂದರೂ ನಡೆಯುತ್ತೆ. ಒಂದು ಕಡೆ ಕೊಡೈಕನಾಲ್ ಬೆಟ್ಟ, ಸುತ್ತ ಮಾವಿನ ತೋಪು, ಊರ ನಡುವೆ ವರಾಹ ನದಿ. ನದಿಯ ಒಂದು ದಡ ವಡಕರೈ, ಇನ್ನೊಂದು ದಡ ತೆಂಕರೈ.

ಕಳೆದ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಸೋದರಮಾವನ ಮೊಮ್ಮಗ, ಆರನೇ ಕ್ಲಾಸಿನವನು, ತನ್ನ ಹೊಸ ಸೈಕಲ್ಲು ತೋರಿಸಿದ. ಗೇರ್ ಇರುವ, ಡಿಸ್ಕ್ ಬ್ರೇಕಿನ ಸೈಕಲ್ಲು. ಹಿಂದೆ ಒಂದು ಕ್ಯಾರಿಯರ್ ಬೇರೆ ಹಾಕಿಸಿದ್ದರು. ನಾನು ಸೈಕಲ್ಲು ಮುಟ್ಟಿ ಹದಿನಾಲ್ಕು ವರ್ಷವಾಗಿತ್ತು. “ಮಾಮಾ, ನಿಮಗೆ ಓಡಿಸೋಕೆ ಬರುತ್ತಾ?” ಅಂದ. ನನಗೂ ಒಳಗೊಳಗೇ ಅನುಮಾನ. ಆದರೆ ಹತ್ತಿ ಎರಡು ಸಲ ಪೆಡಲ್ ತುಳಿದದ್ದೇ ತಡ, ನಿನ್ನೆ ತಾನೇ ಬಿಟ್ಟವನ ಹಾಗೆ ಸೈಕಲ್ಲು ಓಡಿತು. ಜಂಬ ಬಂತು. “ಹಿಂದೆ ಹತ್ತು” ಅಂದೆ. ಸೇತುವೆಯ ಹತ್ತಿರ ಎದುರಿಗೆ ಮೇಕೆಯೊಂದು ಬಂತು. ನಾನು ಹುಡುಗನಾಗಿದ್ದಾಗ ಓಡಿಸುತ್ತಿದ್ದ ಸೈಕಲ್ಲಿನ ಬ್ರೇಕು ಎಷ್ಟು ಹಿಸುಕಿದರೂ ಯೋಚನೆ ಮಾಡಿ ಮಾಡಿ ಹಿಡಿಯುತ್ತಿತ್ತು. ಅದೇ ಅಭ್ಯಾಸದಲ್ಲಿ ಮುಂದಿನ ಬ್ರೇಕನ್ನು ಬಲವಾಗಿ ಹಿಸುಕಿಬಿಟ್ಟೆ. ಡಿಸ್ಕ್ ಬ್ರೇಕು ಗಪ್ ಅಂತ ಹಿಡಿಯಿತು, ಮರಳಿನ ಮೇಲೆ ಮುಂದಿನ ಚಕ್ರ ಜಾರಿತು, ಇಬ್ಬರೂ ನೆಲಕ್ಕೆ. ಹುಡುಗನ ಮೊಣಕೈ ತರಚಿ ರಕ್ತ ಬಂತು. ಮೇಕೆಗೆ ಏನೂ ಆಗಲಿಲ್ಲ.

ಮನೆಗೆ ಬಂದರೆ ಅಜ್ಜಿ ಬೈದರು: “ಹುಡುಗನ್ನ ಹಿಂದೆ ಕೂರಿಸ್ಕೊಳ್ಳೋ ಮೊದಲು ನೀನೊಬ್ಬನೇ ಮೂರು ಸುತ್ತು ಹೊಡೆದು ನೋಡಬಾರದಿತ್ತೇನಪ್ಪಾ?”

ಈ ಕತೆಯನ್ನು ಜೂನ್ ಬಂದ ಮೇಲೆ ಹತ್ತನೇ ತರಗತಿಯಲ್ಲಿ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠ ಮಾಡುವಾಗ ಹೇಳಿದೆ. ಎಲ್ಲರೂ ನಕ್ಕರು. ಒಬ್ಬಳು ಮಾತ್ರ ನಗದೆ ಎದ್ದು ನಿಂತು ಕೇಳಿದಳು: “ಸರ್, ಸೈಕಲ್ಲಾದರೆ ಮೊಣಕೈ ಹೋಯ್ತು. ವಿಮಾನ ಓಡಿಸೋರು ಹತ್ತು ವರ್ಷ ಬಿಟ್ಟು ಮತ್ತೆ ಓಡಿಸಬೇಕು ಅಂದ್ರೆ?” ಅವತ್ತು ಪೂರ್ತಿ ಉತ್ತರ ಹೇಳಲು ಆಗಲಿಲ್ಲ. ಓದಿ ನೋಡಿದ ಮೇಲೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಗ್ಲಸ್ ಬಾಡರ್ ಅಂತ ಬ್ರಿಟಿಷ್ ವಾಯುಪಡೆಯಲ್ಲಿ ಒಬ್ಬ ಪೈಲಟ್ ಇದ್ದರು. 1931ರ ಡಿಸೆಂಬರ್ 14ರಂದು, ಇಪ್ಪತ್ತೊಂದರ ವಯಸ್ಸಿನಲ್ಲಿ, ನೆಲಕ್ಕೆ ತೀರಾ ಹತ್ತಿರ ವಿಮಾನವನ್ನು ಮಗುಚಿ ಸಾಹಸ ತೋರಿಸಲು ಹೋದರು. ರೆಕ್ಕೆ ನೆಲಕ್ಕೆ ತಾಗಿತು. ಎರಡೂ ಕಾಲು ಕತ್ತರಿಸಬೇಕಾಯಿತು. ಕೃತಕ ಕಾಲು ಹಾಕಿಕೊಂಡು ನಡೆಯಲು ಕಲಿತರು, ಆದರೂ 1933ರಲ್ಲಿ ವಾಯುಪಡೆ ಅವರನ್ನು ನಿವೃತ್ತಿ ಮಾಡಿ ಕಳಿಸಿತು. ಎಣ್ಣೆ ಕಂಪನಿಯೊಂದರ ಆಫೀಸಿನಲ್ಲಿ ಕುರ್ಚಿ ಕೆಲಸ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಪೈಲಟ್‌ಗಳು ಬೇಕಾದರು. ಬಾಡರ್ ಹಟ ಹಿಡಿದು ಪರೀಕ್ಷೆಗೆ ಹೋದರು. ಅಪಘಾತವಾಗಿ ಎಂಟು ವರ್ಷಕ್ಕೆ, 1939ರ ನವೆಂಬರ್ 27ರಂದು, ಆವ್ರೋ ಟ್ಯೂಟರ್ ಎಂಬ ಎರಡು ಪದರದ ರೆಕ್ಕೆಯ ತರಬೇತಿ ವಿಮಾನದಲ್ಲಿ ಒಬ್ಬರೇ ಮೇಲೆ ಹೋದರು. ಹೋದವರು ಸುಮ್ಮನಿರಲಿಲ್ಲ. ಸುಮಾರು 600 ಅಡಿ ಎತ್ತರದಲ್ಲಿ ವಿಮಾನವನ್ನು ತಲೆಕೆಳಗು ಮಾಡಿ ಹಾರಿಸಿದರು! ಕಾಲು ಹೋದದ್ದೇ ಅಂಥ ಆಟದಿಂದ ಅನ್ನುವುದನ್ನು ಮರೆತಿದ್ದರೋ ಏನೋ. ಆಟ ಆಡುವುದನ್ನು ಮಾತ್ರ ಮರೆತಿರಲಿಲ್ಲ.

ಎಂಟು ವರ್ಷ ಆ ಕೌಶಲ ಎಲ್ಲಿ ಕೂತಿತ್ತು? ಪಾಠದ ಚಿತ್ರ ನೆನಪಿಸಿಕೊಳ್ಳಿ. ಹಿಮ್ಮೆದುಳಿನಲ್ಲಿ ಅನುಮಸ್ತಿಷ್ಕ ಇದೆ. ದೇಹದ ಸಮತೋಲನ, ಸ್ನಾಯುಗಳ ಹೊಂದಾಣಿಕೆ ಅದರ ಕೆಲಸ. ಸೈಕಲ್ಲು ಕಲಿಯುವಾಗ ಮೊದಮೊದಲು ಪ್ರತಿಯೊಂದನ್ನೂ ಯೋಚಿಸಿ ಮಾಡುತ್ತೀರಿ. ಎಡಕ್ಕೆ ವಾಲಿತು, ಹ್ಯಾಂಡಲ್ ಎಡಕ್ಕೆ ತಿರುಗಿಸು, ಪೆಡಲ್ ತುಳಿ. ನೂರಾರು ಸಲ ಮಾಡಿದ ಮೇಲೆ ಆ ಕೆಲಸ ಅನುಮಸ್ತಿಷ್ಕಕ್ಕೂ ಮಿದುಳಿನ ಒಳಭಾಗದ ಇನ್ನು ಕೆಲವು ಕೇಂದ್ರಗಳಿಗೂ ಒಪ್ಪಿಸಿದಂತೆ ಆಗುತ್ತದೆ. ಆಮೇಲೆ ನೀವು ಮಾತಾಡಿಕೊಂಡೇ ಸೈಕಲ್ಲು ಬಿಡಬಹುದು. ಪುಸ್ತಕದಲ್ಲಿ ಓದಿದ ವಿಷಯ, ನಿನ್ನೆ ನಡೆದ ಘಟನೆ, ಜನರ ಹೆಸರು, ಇವನ್ನು ಹೊಸದಾಗಿ ನೆನಪಿಗೆ ಸೇರಿಸಲು ಬೇರೆಯೇ ಜಾಗ ಬೇಕು. ಅದು ಹಿಪೊಕ್ಯಾಂಪಸ್.

ಎರಡೂ ಬೇರೆ ಬೇರೆ ಅನ್ನೋದು ಒಬ್ಬ ರೋಗಿಯಿಂದ ಗೊತ್ತಾಯಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ, ಅಪಸ್ಮಾರ ನಿಲ್ಲಿಸಲೆಂದು, ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗ ತೆಗೆದರು. ಅಂದಿನಿಂದ ಅವರಿಗೆ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಮಾತಾಡಿಸಿದ ವೈದ್ಯರು ಮಧ್ಯಾಹ್ನ ಬಂದರೆ ಅವರಿಗೆ ಹೊಸಬರೇ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು: ಕೈಯನ್ನು ನೇರ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು, ನಕ್ಷತ್ರದ ಆಕಾರದ ಗೆರೆಯ ಮೇಲೆ ಪೆನ್ಸಿಲ್ ಆಡಿಸುವುದು. ಮೊದಲ ದಿನ ತಪ್ಪೇ ತಪ್ಪು. ಮೂರನೇ ದಿನದ ಹೊತ್ತಿಗೆ ಕೈ ಚೆನ್ನಾಗಿ ಕುದುರಿತ್ತು. ಆದರೆ “ಇದನ್ನು ಮೊದಲು ಮಾಡಿದ್ದೀರಾ?” ಅಂದರೆ “ಇಲ್ಲ” ಅನ್ನುತ್ತಿದ್ದರು! ಕಲಿತದ್ದು ಅವರಿಗೆ ಗೊತ್ತಿಲ್ಲ, ಕೈಗೆ ಗೊತ್ತಿದೆ.

ಇದನ್ನು ನೀವೂ ಮಾಡಿ ನೋಡಬಹುದು. ಐದು ಮೂಲೆಯ ನಕ್ಷತ್ರ ಬರೆದು ಎದುರಿಗೆ ಕನ್ನಡಿ ನಿಲ್ಲಿಸಿ. ಕೈ ನೇರ ಕಾಣದ ಹಾಗೆ ಮೇಲೆ ಒಂದು ರಟ್ಟು ಅಡ್ಡ ಹಿಡಿಯಲು ಗೆಳೆಯನಿಗೆ ಹೇಳಿ. ಐದು ಸಲ ಬರೆದು, ಪ್ರತಿ ಸಲದ ಸಮಯ ಮತ್ತು ಗೆರೆ ದಾಟಿದ ತಪ್ಪುಗಳನ್ನು ಬರೆದಿಡಿ. ಅದೇ ದಿನ ಅರ್ಥವಿಲ್ಲದ ಇಪ್ಪತ್ತು ಅಕ್ಷರಜೋಡಿಗಳನ್ನೂ ಬಾಯಿಪಾಠ ಮಾಡಿ. ದಸರಾ ರಜೆ ಮುಗಿದ ಮೇಲೆ ಎರಡನ್ನೂ ಮತ್ತೆ ಪರೀಕ್ಷಿಸಿ. ಯಾವುದು ಎಷ್ಟು ಉಳಿದಿದೆ ಅಂತ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.

ಅಕ್ಷರಜೋಡಿಯ ಪ್ರಯೋಗ ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಣೆಗಳನ್ನು ತಾವೇ ಬಾಯಿಪಾಠ ಮಾಡಿ, ತಾವೇ ಮರೆತು, ಎಷ್ಟು ಮರೆತೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಒಂದೆರಡು ದಿನದಲ್ಲೇ ಜೋರಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಅವರು ಅಳೆದ ವಿಧಾನ ನನಗೆ ಬಹಳ ಇಷ್ಟ: ಮತ್ತೆ ಕಲಿಯಲು ಎಷ್ಟು ಸಮಯ ಉಳಿಯಿತು ಅಂತ ನೋಡುವುದು. ಒಂದು ದಿನ ಬಿಟ್ಟು ಕಲಿತರೆ ಸುಮಾರು ಮೂರನೇ ಒಂದು ಭಾಗ ಸಮಯ ಉಳಿತಾಯ, ತಿಂಗಳು ಬಿಟ್ಟು ಕಲಿತರೂ ಸುಮಾರು ಐದನೇ ಒಂದು ಭಾಗ ಉಳಿತಾಯ. ಪೂರ್ತಿ ಅಳಿಸಿಹೋಯಿತು ಅಂದುಕೊಂಡದ್ದರಲ್ಲೂ ಏನೋ ಉಳಿದಿರುತ್ತದೆ ಅಂತಾಯಿತು.

ಈಗ ಬಾಡರ್ ಕತೆಯ ಮುಂದಿನ ಭಾಗ. 1940ರ ಆರಂಭದಲ್ಲಿ ಅವರನ್ನು ಸ್ಪಿಟ್‌ಫೈರ್ ಎಂಬ ಹೊಸ ಯುದ್ಧವಿಮಾನಕ್ಕೆ ಹಾಕಿದರು. ಅದರ ಪ್ರೊಪೆಲ್ಲರ್, ಅಂದರೆ ಮುಂದಿನ ಪಂಖ, ಹಳೆಯ ವಿಮಾನದ ಹಾಗಲ್ಲ. ಪಂಖದ ರೆಕ್ಕೆಗಳ ಓರೆಯನ್ನು ಒಳಗಿನಿಂದಲೇ ಬದಲಾಯಿಸಬಹುದು. ಓರೆ ಕಡಿಮೆಯಿದ್ದರೆ ಪಂಖ ಪ್ರತಿ ಸುತ್ತಿಗೂ ಸ್ವಲ್ಪವೇ ಗಾಳಿಯನ್ನು ಕತ್ತರಿಸುತ್ತದೆ, ಎಂಜಿನ್ ಸಲೀಸಾಗಿ ಜೋರಾಗಿ ತಿರುಗಿ ಪೂರ್ತಿ ಶಕ್ತಿ ಕೊಡುತ್ತದೆ. ನೆಲ ಬಿಟ್ಟು ಏಳಲು ಇದೇ ಬೇಕು. ಮೇಲೆ ಹೋಗಿ ವೇಗ ಹಿಡಿದ ಮೇಲೆ ಓರೆ ಹೆಚ್ಚಿಸಬೇಕು. ಗೇರ್ ಸೈಕಲ್ಲಿನ ಲೆಕ್ಕವೇ ಇದು. ನಿಂತ ಬೈಕನ್ನು ನಾಲ್ಕನೇ ಗೇರಿನಲ್ಲಿ ಎಬ್ಬಿಸಲು ಹೋದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಬಾಡರ್ ಒಂದು ದಿನ ಓರೆ ಬದಲಾಯಿಸಲು ಮರೆತು ಹೊರಟರು. ವಿಮಾನ ನೆಲದ ಮೇಲೆ ಓಡಿತೇ ಹೊರತು ಏಳಲಿಲ್ಲ. ಕೊನೆಗೆ ಅಪ್ಪಳಿಸಿತು. ತಲೆಗೆ ಪೆಟ್ಟಾಯಿತು, ಕೃತಕ ಕಾಲುಗಳು ಬಾಗಿದವು. ಜೀವ ಉಳಿಯಿತು.

ತಲೆಕೆಳಗು ಹಾರಿಸಬಲ್ಲ ಮನುಷ್ಯ ಒಂದು ಹಿಡಿಯನ್ನು ತಳ್ಳಲು ಮರೆತರು! 1931ರಲ್ಲಿ ಅವರು ಹಾರಿಸುತ್ತಿದ್ದ ಬುಲ್‌ಡಾಗ್ ವಿಮಾನದ ಪಂಖದ ಓರೆ ಬದಲಾಗುತ್ತಿರಲಿಲ್ಲ. ಹಾಗಾಗಿ ಕೈಯಲ್ಲಿ ಕೂತಿದ್ದ ಹಳೆಯ ಅಭ್ಯಾಸದಲ್ಲಿ ಆ ಹೆಜ್ಜೆಯೇ ಇರಲಿಲ್ಲ ಅಂತ ನನಗನಿಸುತ್ತದೆ. ನನ್ನ ಕೈಯಲ್ಲಿ ಡಿಸ್ಕ್ ಬ್ರೇಕು ಇಲ್ಲದಿದ್ದ ಹಾಗೆ. ವರ್ಷಗಳ ನಂತರ ಮರಳುವವರಿಗೆ ಅಪಾಯ ಬರುವುದು ಇಲ್ಲೇ. ಕೈ ಸಲೀಸಾಗಿ ನಡೆಯುವುದರಿಂದ ‘ಎಲ್ಲಾ ನೆನಪಿದೆ’ ಅನ್ನೋ ಧೈರ್ಯ ಬಂದುಬಿಡುತ್ತದೆ. ಏನೂ ಬರದಿದ್ದರೆ ಹೆದರಿಕೊಂಡಾದರೂ ಓಡಿಸುತ್ತಿದ್ದೆ.

ಹಾಗಂತ ಬಿಟ್ಟು ಬಂದವರು ಮಾತ್ರ ಮರೆಯುತ್ತಾರೆ ಅಂತಲ್ಲ. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ನಾಲ್ಕು ಎಂಜಿನ್ ವಿಮಾನವನ್ನು ಮೇಜರ್ ಹಿಲ್ ಎಂಬ ನುರಿತ ಪೈಲಟ್ ಹಾರಿಸಿದರು. ನಿಂತಿರುವಾಗ ಗಾಳಿಗೆ ಬಾಲದ ಪಟ್ಟಿಗಳು ಅಲುಗದಿರಲಿ ಅಂತ ಹಾಕುವ ಚಿಲಕವನ್ನು ತೆಗೆದಿರಲಿಲ್ಲ. ವಿಮಾನ ಮೇಲೆದ್ದು ಕೆಳಗೆ ಬಿತ್ತು, ಅವರು ತೀರಿಕೊಂಡರು. ಆಮೇಲೆ ಬಂದದ್ದೇ ಚೆಕ್‌ಲಿಸ್ಟ್. ಮಾಡಬೇಕಾದ ಕೆಲಸಗಳನ್ನು ಕಾರ್ಡಿನಲ್ಲಿ ಬರೆದುಕೊಂಡು, ಎಷ್ಟೇ ಅನುಭವ ಇದ್ದರೂ ಓದಿಕೊಂಡೇ ಮಾಡುವುದು. ಈಗ ದಿನಕ್ಕೆ ನಾಲ್ಕು ಸಲ ಹಾರುವ ಪೈಲಟ್ಟೂ ನಾಲ್ಕು ಸಲವೂ ಓದುತ್ತಾರೆ.

ಕೈ, ತಲೆ ಆಯಿತು. ಮೂರನೆಯದು ಕಿವಿ. ವತ್ತಲಗುಂಡಿನಿಂದ ಕೊಡೈಕನಾಲ್ ಘಾಟಿ ಹತ್ತುವ ಬಸ್ಸಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರ್ಧ ಬಸ್ಸು ನಿಂಬೆಹಣ್ಣು ಮೂಸುತ್ತಿರುತ್ತದೆ. ನಮ್ಮ ಒಳಕಿವಿಯಲ್ಲಿ ಒಂದಕ್ಕೊಂದು ಲಂಬವಾಗಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಒಳಗೆ ದ್ರವ. ತಲೆ ತಿರುಗಿದರೆ ನಾಳ ತಿರುಗುತ್ತದೆ, ದ್ರವ ಹಿಂದುಳಿಯುತ್ತದೆ. ಆ ವ್ಯತ್ಯಾಸವನ್ನು ಸೂಕ್ಷ್ಮ ಕೂದಲಿನಂಥ ಕೋಶಗಳು ಮಿದುಳಿಗೆ ತಿಳಿಸುತ್ತವೆ. ಒಂದು ಲೋಟ ನೀರಿಗೆ ಎರಡು ಹೂವಿನ ಎಸಳು ಹಾಕಿ ಲೋಟವನ್ನು ನಿಂತಲ್ಲೇ ತಿರುಗಿಸಿ. ಮೊದಲು ಲೋಟ ಮಾತ್ರ ತಿರುಗುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಜೊತೆಗೆ ಸೇರಿಕೊಳ್ಳುತ್ತದೆ. ಲೋಟ ನಿಲ್ಲಿಸಿದರೆ ನೀರು ಇನ್ನೂ ತಿರುಗುತ್ತಿರುತ್ತದೆ. ಒಳಕಿವಿಯಲ್ಲೂ ಹೀಗೇ. ವಿಮಾನ ಒಂದೇ ಸಮ ತಿರುಗುತ್ತಾ ಹೋದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ದ್ರವ ಜೊತೆ ಸೇರಿ, ‘ನೇರ ಹೋಗುತ್ತಿದ್ದೇನೆ’ ಅನ್ನಿಸುತ್ತದೆ. ನಿಜವಾಗಿ ನೇರ ಮಾಡಿದಾಗ ‘ಎದುರು ದಿಕ್ಕಿಗೆ ತಿರುಗುತ್ತಿದ್ದೇನೆ’ ಅನ್ನಿಸುತ್ತದೆ.

ಹೊರಗೆ ನೆಲ ಕಾಣುತ್ತಿದ್ದರೆ ಕಣ್ಣು ಈ ಸುಳ್ಳನ್ನು ತಿದ್ದುತ್ತದೆ. ಮೋಡದೊಳಗೆ? ಪೆರಿಯಕುಳದ ಮನೆಯ ಮಾಳಿಗೆ ಮೇಲೆ ನಿಂತರೆ ಮಳೆಗಾಲದಲ್ಲಿ ಬೆಟ್ಟದ ಅರ್ಧಕ್ಕೆ ಮೋಡ ಕೂತಿರುವುದು ಕಾಣುತ್ತದೆ. ಅಂಥ ಮೋಡದೊಳಗೆ ಹೊಕ್ಕ ಪೈಲಟ್‌ಗೆ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ ಇಪ್ಪತ್ತು ಜನರಿಗೆ ಹೊರಗೆ ಏನೂ ಕಾಣದ ಹಾಗೆ ಮಾಡಿ ಹಾರಿಸಲು ಕೊಟ್ಟರು. ಪಕ್ಕದಲ್ಲಿ ಬೋಧಕರು ಇದ್ದರು, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಆದರೆ ಇಪ್ಪತ್ತಕ್ಕೆ ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ! ಮೂರು ನಿಮಿಷವೂ ಇಲ್ಲ. ಕಿವಿ ಹೇಳುವುದನ್ನು ಬಿಟ್ಟು ಮುಂದಿನ ಮುಳ್ಳು ಹೇಳುವುದನ್ನು ನಂಬುವುದು ಅಭ್ಯಾಸದಿಂದ ಬರುವ ವಿದ್ಯೆ. ಕಿವಿ ಹುಟ್ಟಿನಿಂದ ಬಂದದ್ದು, ಮುಳ್ಳು ಆಮೇಲೆ ಬಂದದ್ದು. ಅಭ್ಯಾಸ ಬಿಟ್ಟವರಲ್ಲಿ ಕಿವಿಯೇ ಮತ್ತೆ ಗೆಲ್ಲಲು ನೋಡುತ್ತದೆ.

ಈ ಕಿವಿಯ ಮೋಸವನ್ನು ನೆಲದ ಮೇಲೇ ತೋರಿಸಿಕೊಡುವ ಯಂತ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ವಾಯುಪಡೆಯ ‘ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್’ 1957ರಿಂದ ಇದೆ. ಗಗನಯಾನಕ್ಕೆ ಆಯ್ಕೆಯಾದವರ ಪರೀಕ್ಷೆ ನಡೆದದ್ದೂ ಅಲ್ಲೇ. ಅಲ್ಲಿ ಉದ್ದನೆಯ ತೋಳಿನ ತುದಿಯಲ್ಲಿ ಮನುಷ್ಯನನ್ನು ಕೂರಿಸಿ ಗಿರಗಿರ ತಿರುಗಿಸುವ ಯಂತ್ರವೂ ಇದೆ. ಯುದ್ಧವಿಮಾನ ಗಕ್ಕನೆ ತಿರುಗುವಾಗ ಪೈಲಟ್ ಮೇಲೆ ಗುರುತ್ವದ ಒಂಬತ್ತು ಪಟ್ಟು ಬಲ ಬೀಳಬಹುದು. ಹೆಲ್ಮೆಟ್ ಸೇರಿ 6 ಕೆಜಿ ಇರುವ ತಲೆ 54 ಕೆಜಿ ಇದ್ದ ಹಾಗೆ ಭಾರವಾಗುತ್ತದೆ. ರಕ್ತ ಕಾಲಿನ ಕಡೆ ಇಳಿದು ಕಣ್ಣು ಕತ್ತಲೆಯಾಗುತ್ತದೆ. ಕಾಲು, ಹೊಟ್ಟೆಯ ಸ್ನಾಯು ಬಿಗಿಹಿಡಿದು ಉಸಿರು ಕಟ್ಟಿ ರಕ್ತವನ್ನು ಮೇಲೆ ತಡೆಯುವುದನ್ನು ಪೈಲಟ್‌ಗಳು ಕಲಿಯುತ್ತಾರೆ. ಕೆಲವು ವಾರ ಹಾರದಿದ್ದರೂ ಈ ತಾಳಿಕೊಳ್ಳುವ ಶಕ್ತಿ ಇಳಿಯುತ್ತದೆ.

ಅಭಿನಂದನ್ ವರ್ಧಮಾನ್ ನಿಮಗೆಲ್ಲ ಗೊತ್ತು. ಪೆರಿಯಕುಳದಿಂದ ಕೊಡೈಕನಾಲ್ ಬೆಟ್ಟಸಾಲಿನ ಆಚೆ ಬದಿ, ಉಡುಮಲೈಪೇಟೆ ಹತ್ತಿರದ ಅಮರಾವತಿನಗರ ಸೈನಿಕ ಶಾಲೆಯಲ್ಲಿ ಓದಿದವರು. 2019ರ ಫೆಬ್ರುವರಿ 27ರಂದು ಅವರ ಮಿಗ್-21ಕ್ಕೆ ಪೆಟ್ಟು ಬಿದ್ದಾಗ ಕುರ್ಚಿ ಸಮೇತ ಹೊರಗೆ ಚಿಮ್ಮಿದರು. ಹಾಗೆ ಚಿಮ್ಮಿಸುವಾಗ ಗುರುತ್ವದ ಹತ್ತು ಪಟ್ಟಿಗೂ ಹೆಚ್ಚು ಬಲ ಬೆನ್ನುಮೂಳೆಯನ್ನು ಕೆಳಗಿನಿಂದ ಒತ್ತುತ್ತದೆ. ಮಾರ್ಚ್ 1ಕ್ಕೆ ಭಾರತಕ್ಕೆ ಮರಳಿದ ಮೇಲೂ ತಕ್ಷಣ ವಿಮಾನ ಕೊಡಲಿಲ್ಲ. ಬೆಂಗಳೂರಿನ ಇದೇ ಸಂಸ್ಥೆಯ ವೈದ್ಯರು ಪರೀಕ್ಷಿಸಿ ಒಪ್ಪಿದ ನಂತರ, ಆಗಸ್ಟ್‌ನಲ್ಲಿ ಮತ್ತೆ ಹಾರಾಟಕ್ಕೆ ಬಂದರು. ಸೆಪ್ಟೆಂಬರ್ 2ರಂದು ಪಠಾಣ್‌ಕೋಟ್‌ನಲ್ಲಿ ವಾಯುಪಡೆ ಮುಖ್ಯಸ್ಥರಾಗಿದ್ದ ಬಿ.ಎಸ್. ಧನೋವಾ ಅವರೊಂದಿಗೆ ಇಬ್ಬರು ಕೂರುವ ಮಿಗ್-21ರಲ್ಲಿ ಹಾರಿದರು. ಧನೋವಾ ಅವರೂ 1988ರಲ್ಲಿ ಹೀಗೇ ವಿಮಾನದಿಂದ ಚಿಮ್ಮಿದ್ದವರು. ತಾವು ಮರಳಲು ಒಂಬತ್ತು ತಿಂಗಳು ಬೇಕಾಯಿತು ಅಂತ ಅವತ್ತು ಅವರೇ ಹೇಳಿದರು.

ಇದೆಲ್ಲ ಗಾಯಗೊಂಡವರ ಮಾತಾಯಿತು. ಏನೂ ಆಗದೆ ಸುಮ್ಮನೆ ಮನೆಯಲ್ಲಿ ಕೂತವರು? 2020ರಲ್ಲಿ ಕೊರೊನಾ ಬಂದು ಮಾರ್ಚ್ 25ರಿಂದ ಎರಡು ತಿಂಗಳು ನಮ್ಮ ದೇಶದ ಒಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತವು. ಪ್ರಪಂಚದಾದ್ಯಂತ ಸಾವಿರಾರು ಪೈಲಟ್‌ಗಳು ತಿಂಗಳುಗಟ್ಟಲೆ ಹಾರಲಿಲ್ಲ. ಮರಳಿದ ಮೇಲೆ ಅಮೆರಿಕದ ಕೆಲವು ಪೈಲಟ್‌ಗಳು ನಾಸಾ ನಡೆಸುವ ವರದಿ ವ್ಯವಸ್ಥೆಗೆ ತಾವೇ ಬರೆದು ತಿಳಿಸಿದರು: ಅಭ್ಯಾಸ ತಪ್ಪಿ ತಪ್ಪುಗಳಾದವು ಅಂತ. ಅಲ್ಲಿ ಬರೆದವರ ಹೆಸರು ಹೊರಗೆ ಬರುವುದಿಲ್ಲ, ಹಾಗಾಗಿ ಜನ ನಿಜ ಬರೆಯುತ್ತಾರೆ. ನಮ್ಮ ಲ್ಯಾಬಿನಲ್ಲೂ ಇಂಥ ಒಂದು ಪೆಟ್ಟಿಗೆ ಇಟ್ಟರೆ ಯಾರು ಬ್ಯೂರೆಟ್ ಒಡೆದರು ಅನ್ನುವುದಕ್ಕಿಂತ ಯಾಕೆ ಒಡೆಯಿತು ಅಂತ ಬೇಗ ಗೊತ್ತಾದೀತು.

ಅದಕ್ಕೇ ನಿಯಮಗಳಿವೆ. ಪ್ರಯಾಣಿಕ ವಿಮಾನದ ಪೈಲಟ್ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಸಲ ವಿಮಾನ ಏರಿಸಿ ಇಳಿಸಿರಬೇಕು ಅನ್ನುವುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ. ಹಾರಿಲ್ಲದಿದ್ದರೆ ಸಿಮ್ಯುಲೇಟರಿನಲ್ಲಾದರೂ ಮಾಡಿ ತೋರಿಸಬೇಕು. ಸಣ್ಣ ವಿಮಾನ ಹಾರಿಸುವ ಖಾಸಗಿ ಪೈಲಟ್‌ಗೆ ಅಮೆರಿಕದಲ್ಲಿ ಇರುವ ನಿಯಮ ಇನ್ನೂ ಸ್ವಾರಸ್ಯ: 90 ದಿನದಲ್ಲಿ ಮೂರು ಏರಿಳಿತ ಮಾಡಿರದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಹಾಗಿಲ್ಲ. ಆ ಮೂರನ್ನು ಒಬ್ಬರೇ ಹೋಗಿ ಮಾಡಬಹುದು. ನಮ್ಮ ಅಜ್ಜಿ ಹೇಳಿದ್ದಕ್ಕೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯಾ? ಮೂರು ಅನ್ನೋ ಲೆಕ್ಕವೂ ಅದೇ! ಅಜ್ಜಿ ವಿಮಾನ ಹತ್ತಿದವರಲ್ಲ.

ವರ್ಷಗಟ್ಟಲೆ ಬಿಟ್ಟವರಿಗೆ ಮೂರು ಸುತ್ತು ಸಾಲದು. ವೈದ್ಯಕೀಯ ಪರೀಕ್ಷೆ ಮತ್ತೆ ಆಗಬೇಕು. ಬದಲಾದ ನಿಯಮ, ಹೊಸ ಉಪಕರಣ, ರೇಡಿಯೊದಲ್ಲಿ ಮಾತಾಡುವ ಕ್ರಮ ಮತ್ತೆ ಓದಬೇಕು. ಆಮೇಲೆ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಬೇಕು. ಎಷ್ಟು ಗಂಟೆ ಅನ್ನುವುದನ್ನು ಕೈ ನೋಡಿ ಅವರೇ ಹೇಳುತ್ತಾರೆ. ಹಾಗಾಗಿ ನನ್ನ ವಿದ್ಯಾರ್ಥಿನಿಗೆ ಉತ್ತರ ಇದು: ಹತ್ತು ವರ್ಷ ಬಿಟ್ಟರೂ ಹಾರಿಸಬಹುದಮ್ಮಾ. ಹೊಸಬರಿಗಿಂತ ಬೇಗ ಕಲಿಯುತ್ತಾರೆ, ಎಬ್ಬಿಂಗ್‌ಹೌಸ್ ಅಳೆದು ತೋರಿಸಿದ ಉಳಿತಾಯ ಅವರ ಕಡೆಗಿದೆ. ಆದರೆ ಹೊಸಬರ ಹಾಗೇ ಕಲಿಯಬೇಕು.

ಪೆರಿಯಕುಳದಲ್ಲಿ ಮಾರನೇ ದಿನ ಬೆಳಿಗ್ಗೆ ಮನೆ ಮುಂದಿನ ಬೀದಿಯಲ್ಲಿ ನಾನೊಬ್ಬನೇ ಸೈಕಲ್ಲು ಹೊಡೆದೆ. ಪ್ರತಿ ಸುತ್ತಿಗೂ ಎರಡು ಬೆರಳಿನಲ್ಲಿ ಮಾತ್ರ ಬ್ರೇಕು ಹಿಡಿದು, ಮೊದಲು ಹಿಂದಿನದು, ಆಮೇಲೆ ಮುಂದಿನದು, ಎಷ್ಟು ಒತ್ತಿದರೆ ಎಲ್ಲಿ ನಿಲ್ಲುತ್ತದೆ ಅಂತ ನೋಡಿದೆ. ಅಜ್ಜಿ ಜಗಲಿ ಮೇಲೆ ಕೂತು ಎಣಿಸುತ್ತಿದ್ದರು. ಮೂರು ಆಗುವ ಹೊತ್ತಿಗೆ ಹುಡುಗ ಮೊಣಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ಕ್ಯಾರಿಯರ್ ಪಕ್ಕ ನಿಂತಿದ್ದ.